ಐದನೇ ಮಹಡಿಯ ಹಳದಿ ಚೀಟಿ

ವೇದವಲ್ಲಿಯ ಮನೆಯ ವಂತಿಗೆ ಬಾಕಿ ಇದೆ ಎಂದು ಗೊತ್ತಾದ ದಿನ ಅನಸೂಯಾ ಒಬ್ಬಳೇ ಕೂತು ಎರಡನೇ ಲೋಟ ಕಾಫಿ ಕುಡಿದಳು. ಕುಡಿದದ್ದು ಕಾಫಿ, ಆದದ್ದು ಹಾಲು ಕುಡಿದಷ್ಟು ಸಂತೋಷ.

ಜಪಾನಿನ ಓಜಿಮಾದ ಆ ಕಟ್ಟಡದ ಐದನೇ ಮಹಡಿಯಲ್ಲಿ ಕನ್ನಡದವರು ಇವರಿಬ್ಬರೇ. ವೇದವಲ್ಲಿಯದು ಮೂಲೆಮನೆ, ಬಾಲ್ಕನಿಗೆ ಬಂದರೆ ನದಿ. ಅನಸೂಯಾಳಿಗೆ ಕಾಣುವುದು ಎದುರು ಕಟ್ಟಡದವರ ಒಣಹಾಕಿದ ಬಟ್ಟೆ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಲಿಫ್ಟಿನಲ್ಲಿ ಸಿಕ್ಕ ಮುದುಕಿಯರೆಲ್ಲ 'ವೇದಾ ಸಾನ್' ಎಂದು ಅವಳ ಕೈಹಿಡಿದು ಮಾತಾಡುತ್ತಿದ್ದರು. ಅವಳೂ ಅಷ್ಟೇ ಸಲೀಸಾಗಿ ಜಪಾನಿಯಲ್ಲಿ ಹರಟುತ್ತಿದ್ದಳು. ಒಂಬತ್ತು ವರ್ಷದಿಂದ ಇಲ್ಲೇ ಇರುವ ಅನಸೂಯಾಳಿಗೆ ಸಿಗುತ್ತಿದ್ದುದು ಒಂದು ಸಣ್ಣ ನಗು. ಹೊಟ್ಟೆ ಉರಿಯದೆ ಇನ್ನೇನಾದೀತು?

ಭೂಕಂಪಕ್ಕೆ ಜಗ್ಗದಂತೆ ಕಂಬಗಳನ್ನು ಬಲಪಡಿಸಲು ಕಟ್ಟಡದ ಸಂಘ ಮನೆಯ ಅಳತೆಗೆ ತಕ್ಕಂತೆ ಎಲ್ಲರಿಗೂ ವಂತಿಗೆ ವಿಧಿಸಿತ್ತು. ಯಾರಾದರೂ ಕಂತು ತಪ್ಪಿಸಿದರೆ ಸಂಘ ಒಂದು ಹಳದಿ ಚೀಟಿ ಬರೆದು ಆ ಮಹಡಿಯ ಮುಖ್ಯಸ್ಥರ ಕೈಗೆ ಕೊಡುತ್ತದೆ. ಅವರು ಮನೆಬಾಗಿಲಿಗೆ ಹೋಗಿ, ಮೂರನೆಯವರ ಕಣ್ಣಿಗೆ ಬೀಳದಂತೆ ಅದನ್ನು ತಲುಪಿಸಬೇಕು. ಮುಖ್ಯಸ್ಥರು ಸರದಿಯಂತೆ ವರ್ಷಕ್ಕೊಬ್ಬರು. ಈ ವರ್ಷ ಅನಸೂಯಾ.

ವೇದವಲ್ಲಿಯ ಚೀಟಿಯನ್ನು ಅವಳು ಸಾರಿನ ಪುಡಿಯ ಡಬ್ಬಿಯ ಕೆಳಗಿಟ್ಟಳು. ಹತ್ತು ದಿನಕ್ಕೆ ಸಂಘದ ಸಭೆ. ಬೆಂಗಳೂರಿನಲ್ಲಿ ಅವಳ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಮೇಂಟೆನೆನ್ಸ್ ಕಟ್ಟದವರ ಹೆಸರನ್ನು ಲಿಫ್ಟಿನ ಪಕ್ಕ ಅಂಟಿಸುತ್ತಾರೆ, ಸಭೆಯಲ್ಲಿ ಕೂಗಿ ಓದುತ್ತಾರೆ. ಇಲ್ಲೂ ಓದಲಿ, ಮುದುಕಿಯರೆಲ್ಲ ಕಿವಿತುಂಬ ಕೇಳಲಿ. ಒಮ್ಮೆ ಮನಸ್ಸು ಚುಚ್ಚಿ ಚೀಟಿ ಹಿಡಿದು ಮೂಲೆಮನೆಯವರೆಗೂ ಹೋದಳು. ಒಳಗೆ ಯಾವಳೋ ಮುದುಕಿ ಕಿಲಕಿಲ ನಗುತ್ತಿದ್ದಳು. ಅನಸೂಯಾ ಬಂದ ದಾರಿಯಲ್ಲೇ ವಾಪಸಾದಳು.

ಭಾನುವಾರ ಸಭೆಯಲ್ಲಿ ಅಧ್ಯಕ್ಷ ಹೊಸೋಯಾ ಸಾನ್ ಯಾರ ಹೆಸರನ್ನೂ ಓದಲಿಲ್ಲ. ಐದನೇ ಮಹಡಿಯಲ್ಲಿ ಒಂದು ಮನೆ ಬಾಕಿ ಎಂದಷ್ಟೇ ಹೇಳಿ ಅನಸೂಯಾಳನ್ನು ನೋಡಿದರು. ನಲವತ್ತು ತಲೆಗಳೂ ಅವಳತ್ತ ತಿರುಗಿದವು. ಬಾಕಿ ಯಾರದೇ ಇರಲಿ, ಎದ್ದು ಕ್ಷಮೆ ಕೇಳಬೇಕಾದವರು ಮಹಡಿಯ ಮುಖ್ಯಸ್ಥರು ಎಂದು ಪಕ್ಕದವಳು ಕಿವಿಯಲ್ಲಿ ಹೇಳಿದಳು. ಅನಸೂಯಾ ಎದ್ದು ಬಾಗಿದಳು. 'ಸುಮಿಮಾಸೆನ್' ಬಿಟ್ಟು ಬೇರೆ ಮಾತು ಬಾಯಿಗೆ ಬರಲಿಲ್ಲ. ಮುಖ ಕೆಂಡವಾಗಿತ್ತು.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ವೇದವಲ್ಲಿ ಬಂದು ಪಕ್ಕದಲ್ಲಿ ನಿಂತು, ಇದು ನಮ್ಮ ಇಡೀ ಮಹಡಿಯ ತಪ್ಪು ಎಂದು ಜಪಾನಿಯಲ್ಲಿ ಹೇಳಿ, ಅವಳಿಗಿಂತ ಆಳವಾಗಿ ಬಾಗಿದಳು. ಮುದುಕಿಯರು ಮೆಚ್ಚಿ ತಲೆಯಾಡಿಸಿದರು. ಆಗಲೂ ಅನಸೂಯಾಳ ಹೊಟ್ಟೆ ಉರಿಯಿತು.

ಲಿಫ್ಟಿನಲ್ಲಿ ವೇದವಲ್ಲಿ ಹೇಳಿದಳು, "ಯಾರ್ದೋ ತಪ್ಪಿಗೆ ನೀವೊಬ್ರೇ ನಿಂತಿದ್ರಲ್ಲ, ನೋಡಕ್ಕಾಗ್ಲಿಲ್ಲ ಅನಸೂಯಾ ಅವ್ರೇ. ಯಾರ್ದು ಅಂತ ನಂಗೆ ಹೇಳ್ಬೇಡಿ. ಪಾಪ, ಅವ್ರಿಗೆ ಏನ್ ಪ್ರಾಬ್ಲಮ್ಮೋ."

ಇನ್ನು ಚೀಟಿ ಮುಚ್ಚಿಟ್ಟು ಏನು ಪ್ರಯೋಜನ? ಅನಸೂಯಾ ಮನೆಗೆ ಹೋಗಿ ಚೀಟಿ ತಂದು ಮೂಲೆಮನೆಯ ಬಾಗಿಲಲ್ಲಿ ನಿಂತಳು. ಅದರ ಮೇಲೆ ಡಬ್ಬಿಯ ತಳದ ಗುಂಡನೆಯ ಕಲೆ ಬಿದ್ದಿತ್ತು, ಸಾರಿನ ಪುಡಿಯ ವಾಸನೆ ಹೊಡೆಯುತ್ತಿತ್ತು. ವೇದವಲ್ಲಿ ತನ್ನ ಹೆಸರು ಓದಿದಳು, ಹತ್ತು ದಿನ ಹಿಂದಿನ ತಾರೀಖು ಓದಿದಳು.

"ಬ್ಯಾಂಕ್ ಚೇಂಜ್ ಮಾಡಿದ್ವಿ. ದುಡ್ಡು ಕಟ್ ಆಗ್ತಿಲ್ಲ ಅಂತ ಗೊತ್ತೇ ಇರ್ಲಿಲ್ಲ," ಎಂದಳು ಮೆಲ್ಲಗೆ. ಕಲೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಸೊಂಟ ಬಗ್ಗಿಸಿ, "ಅರಿಗಾತೋ ಗೊಜಾಯಿಮಾಸು" ಎಂದು ಧನ್ಯವಾದ ಹೇಳಿ ಬಾಗಿಲು ಹಾಕಿಕೊಂಡಳು.

ಅನಸೂಯಾಳ ಜೊತೆ ಅವಳು ಜಪಾನಿಯಲ್ಲಿ ಮಾತಾಡಿದ್ದು ಅದೇ ಮೊದಲು.