ಕೂದಲೆಳೆಯಷ್ಟು ಜಾಗ

ಅವಳು ಒಂದು ಕೈಯನ್ನು ಅಡುಗೆಕಟ್ಟೆಗೆ ಊರಿ, ಇನ್ನೊಂದರಿಂದ ಡ್ರಾಯರನ್ನು ಎಳೆಯುತ್ತಿದ್ದಳು. ಎರಡು ಬೆರಳು ತೂರುವಷ್ಟು ತೆರೆದುಕೊಂಡ ಅದು ಅಲ್ಲೇ ಕಚ್ಚಿಕೊಂಡಿತು. ಒಳಗೆ ಚಮಚಗಳು ಕಾಣುತ್ತಿದ್ದವು, ಕೈಗೆ ಸಿಗುತ್ತಿರಲಿಲ್ಲ.

"ಬಿಡಮ್ಮಾ, ಲೋಟ ಅಲ್ಲಾಡಿಸ್ಕೊಂಡು ಕುಡಿಯೋಣ. ಸಕ್ಕರೆ ಕರಗದೆ ಎಲ್ಲಿಗೆ ಹೋಗುತ್ತೆ?" ಎಂದರು ಅತ್ತೆ.

ಗಂಡನ ಅಂತ್ಯಕ್ರಿಯೆ ನಿನ್ನೆ ಮುಗಿದಿತ್ತು. ಇವತ್ತು ಎಂದಿನಂತೆ ಹಾಲು ಬಂದಿತ್ತು, ನಲ್ಲಿಯಲ್ಲಿ ನೀರು ಬಂದಿತ್ತು. ಅವಳಿಗೆ ಅಳು ಮಾತ್ರ ಇನ್ನೂ ಬಂದಿರಲಿಲ್ಲ.

"ಸಂಜೆ ನಾನು ಹೊರಡೋದ್ರೊಳಗೆ ಅವನು ಇದರೊಳಗೆ ಕೂರಿಸಿರೋ ಆ ಮರದ ಪಟ್ಟಿಗಳನ್ನ ಕಿತ್ತು ಹಾಕೋಣ. ಸ್ಕ್ರೂಡ್ರೈವರ್ ಎಲ್ಲಿದೆ?"

"ಬೇಡ ಅತ್ತೆ."

"ನಾಳೆಯಿಂದ ನೀನೊಬ್ಬಳೇ. ದಿನಾ ಇದರ ಜೊತೆ ಗುದ್ದಾಡ್ತೀಯಾ?"

"ಗುದ್ದಾಡ್ತೀನಿ. ಅವರು ಕೂರಿಸಿದ್ದು ಹಾಗೇ ಇರಲಿ. ಒಂದು ಚೂರೂ ಮುಟ್ಟಬೇಡಿ."

*

ನಿನ್ನೆ ಎಲ್ಲ ಮುಗಿಸಿ ಬಂದವರು ಹಜಾರದಲ್ಲಿ ಒತ್ತೊತ್ತಾಗಿ ಕುಳಿತಿದ್ದರು. ಅವರಿಗೆ ಚಹಾ ಮಾಡಲು ಅಡುಗೆಮನೆಗೆ ಬಂದ ಎದುರುಮನೆಯ ಬಡಗಿ ಇದೇ ಡ್ರಾಯರಿನ ಮುಂದೆ ಸೋತು ನಿಂತಿದ್ದ.

"ಬಾಯಿ ಬಡ್ಕೊಂಡೆ. ಥಂಡಿಗೆ ಮರ ಉಬ್ಬುತ್ತೆ ಕಣೋ, ಪಟ್ಟಿಯ ಎರಡೂ ತುದೀಲಿ ಕೂದಲೆಳೆಯಷ್ಟು ಜಾಗ ಬಿಡು ಅಂತ. ಕೇಳಿದ್ನಾ?"

ಕನ್ನಡಕದಂಗಡಿಯ ಯಜಮಾನರು ಬಾಗಿಲಿಗೆ ಒರಗಿದ್ದರು. "ಹೇಗೆ ಕೇಳ್ತಾನೆ? ನನ್ನ ಅಂಗಡೀಲಿ ಗಾಜು ಉಜ್ಜಿ ಬೆಳೆದವನು. ಚೌಕಟ್ಟಿಗೆ ಗಾಜು ಕೂರಿಸೋನು ಕೂದಲೆಳೆ ಜಾಗ ಬಿಟ್ರೆ, ಗಾಜು ಗಿರಾಕಿಯ ಊಟದ ತಟ್ಟೆಗೆ ಬೀಳುತ್ತೆ."

"ಗಾಜು ಉಬ್ಬಲ್ವಲ್ಲ ಸ್ವಾಮಿ!"

"ಅದೂ ಸರಿ ಅನ್ನು."

ಹಜಾರದಲ್ಲಿ ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು. ಆ ನಗು ಇನ್ನಷ್ಟು ಹೊತ್ತು ಇರಬಾರದಿತ್ತೇ ಅನ್ನಿಸಿತು ಅವಳಿಗೆ.

*

ಡ್ರಾಯರಿನಲ್ಲಿ ಎಲ್ಲ ಒಂದರ ಮೇಲೊಂದು ಬಿದ್ದು ಏನೂ ಸಿಗುವುದಿಲ್ಲವೆಂದು ಅವಳು ಒಮ್ಮೆ ಗೊಣಗಿದ್ದಳು, ಅಷ್ಟೇ. ಗಂಡ ಚಮಚ, ಚಾಕು, ಸೌಟುಗಳನ್ನೆಲ್ಲ ಪೇಪರಿನ ಮೇಲೆ ಹರಡಿ ಅಳೆಯತೊಡಗಿದ.

"ಸೌಟು ಎಡಗಡೆ ಇರಲಾ, ಬಲಗಡೆನಾ?"

"ಎಲ್ಲಾದ್ರೂ ಇಡಿ."

"ಎಲ್ಲಾದ್ರೂ ಅಂದ್ರೆ ನಾನು ಯಾವ ಅಳತೆಗೆ ಕುಯ್ಯಲಿ?"

ಆಮೇಲೆ ಸ್ಟೂಲ್ ಹಾಕಿಕೊಂಡು ಕೂತು, ಅವಳು ಅಡುಗೆ ಮಾಡುವುದನ್ನೇ ಒಂದು ಹೊತ್ತು ನೋಡಿದ. ಅವಳು ಚಾಕು ಹಿಡಿಯುವುದು ಬಲಗೈಯಲ್ಲಿ, ಸೌಟಿಗೆ ಚಾಚುವುದು ಎಡಗೈ. ಅದು ಅವಳಿಗೇ ಗೊತ್ತಿರಲಿಲ್ಲ. ಸೌಟಿನ ಗೂಡು ಎಡಕ್ಕೆ ಬಂತು.

ಕೊನೆಯ ಪಟ್ಟಿಯನ್ನು ಅಂಗೈಯಿಂದ ಗುದ್ದಿ ಕೂರಿಸಿ, ಜೇಬಿನಿಂದ ಬಸ್ ಟಿಕೆಟ್ ತೆಗೆದು ಸಂದಿಗೆ ಹಿಡಿದ. "ಟಿಕೆಟ್ಟೂ ತೂರಲ್ಲ ನೋಡು!"

ಆಮೇಲೆ ಮೋಡ ಕವಿದು ಥಂಡಿ ಹಿಡಿಯಿತು. ಪಟ್ಟಿಗಳು ಉಬ್ಬಿ ಡ್ರಾಯರಿನ ಪಕ್ಕಗಳನ್ನು ಹೊರಕ್ಕೆ ಒತ್ತಿದವು. ಅವಳು ಎಳೆದು ತೋರಿಸಿದರೆ, "ಬಿಸಿಲು ಬರ್ಲಿ, ತಾನೇ ಸರಿಹೋಗುತ್ತೆ" ಎಂದ. ಬಿಸಿಲು ಬರುವ ಮೊದಲೇ, ಅಂಗಡಿಯಲ್ಲಿ ಎದೆ ಹಿಡಿದು ಕುಳಿತವನು ಮತ್ತೆ ಏಳಲಿಲ್ಲ.

*

"ಕೀಳಲ್ಲ ಮಾರಾಯ್ತಿ, ಕೆಳಗಿಂದ ತಳ್ಳಿ ನೋಡ್ತೀನಿ," ಎಂದು ಅತ್ತೆ ನೆಲಕ್ಕೆ ಕೂತು ಕೆಳಗಿನ ಡ್ರಾಯರನ್ನು ಪೂರಾ ಹೊರಗೆಳೆದರು. ಒರೆಸುವ ಬಟ್ಟೆಗಳ ಅಡಿಯಲ್ಲಿ, ಕನ್ನಡಕ ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಏನೋ ಸಿಕ್ಕಿತು. ಮರ ಉಜ್ಜುವ ಅರ. ಹಿಡಿಯ ತುದಿಗೆ ಕೆಂಪು ಬಣ್ಣ.

"ಬಡಗಿಯದಲ್ವಾ ಇದು? ಅವನ ಸಾಮಾನಿಗೆಲ್ಲ ಈ ಕೆಂಪು ಬಳಿದಿರುತ್ತೆ." ಅತ್ತೆ ಅದನ್ನು ತಿರುಗಿಸಿ ನೋಡಿದರು. "ನೋಡಿದ್ಯಾ ನಿನ್ನ ಗಂಡನ್ನ! ಬಾಯಲ್ಲಿ ಬಿಸಿಲು ಬರ್ಲಿ ಅನ್ನೋದು, ಕದ್ದುಮುಚ್ಚಿ ಅರ ತಂದಿಟ್ಕೊಳ್ಳೋದು. ಚಿಕ್ಕೋನಿದ್ದಾಗ್ಲೂ ಹೀಗೇ. ಸೋತೆ ಅಂತ ಬಾಯಿಬಿಟ್ಟು ಹೇಳಿದ ಜೀವ ಅಲ್ಲ."

ಅರದ ಹಲ್ಲುಗಳಲ್ಲಿ ಮರದ ಪುಡಿಯ ಕಣವೂ ಇರಲಿಲ್ಲ. ಅವನಿನ್ನೂ ಶುರುಮಾಡಿರಲಿಲ್ಲ.

ಅವಳು ಅರವನ್ನು ತೆಗೆದುಕೊಂಡು ಅಡುಗೆಕಟ್ಟೆಯ ಮೇಲಿಟ್ಟಳು. ಆಮೇಲೆ, "ನೀವು ತಳ್ಳಿ ಅತ್ತೆ, ನಾನು ಎಳೀತೀನಿ," ಎಂದಳು.

ಡ್ರಾಯರು ಕಿರುಗುಟ್ಟುತ್ತ ಬಂತು. ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ, ಮೊದಲನೆಯದನ್ನು ಮಂಡಿಯ ಮೇಲಿಟ್ಟುಕೊಂಡಳು. ಅದರ ತುದಿಗೆ ಅರ ಎಳೆದಳು. ಸೀರೆಯ ಮೇಲೆ ಪುಡಿ ಉದುರಿತು. ಅತ್ತೆ ಒಂದೊಂದೇ ಪಟ್ಟಿ ಎತ್ತಿಕೊಡುತ್ತ ಹೋದರು.

*

ಅತ್ತೆಯನ್ನು ಬಸ್ಸು ಹತ್ತಿಸಿ, ಅವಳು ಬಡಗಿಯ ಮನೆಗೆ ಹೋದಳು. ಅವನು ಕಿಟಕಿಯ ಚೌಕಟ್ಟೊಂದಕ್ಕೆ ಅಂಟು ಹಚ್ಚುತ್ತಿದ್ದ.

"ನಿಮ್ಮ ಅರ."

"ಅಯ್ಯೋ, ಇದಕ್ಕೇನು ಅವಸರ ಇತ್ತು ತಂಗೀ. ಬಾಗಿಲು ಉಜ್ಜಿದ್ನಾ?"

"ಯಾವ ಬಾಗಿಲು?"

"ಬಚ್ಚಲಮನೇದು. ಹಾಗಂತ ಹೇಳಿ ತಗೊಂಡ್ಹೋದ."

"ಬಾಗಿಲಿಗಲ್ಲ. ಡ್ರಾಯರಿನ ಪಟ್ಟಿಗೆ. ಇವತ್ತು ನಾನೇ ಉಜ್ಜಿದೆ."

"ಕಳ್ಳ!" ಬಡಗಿಯ ಮುಖ ಅರಳಿ, ಹಾಗೇ ಬಾಡಿತು. ಅರವನ್ನು ಇಸಿದುಕೊಂಡು, ರೂಢಿಯಂತೆ ಅದರ ಹಿಡಿ ಬಿಗಿಯಾಗಲೆಂದು ಹಲಗೆಗೆ ಕುಟ್ಟಲು ಹೋದವನು ನಿಂತ. ಹಿಡಿಯನ್ನು ತಿರುಚಿ ನೋಡಿದ.

"ಇದು ಸದಾ ಕಳಚಿ ಕೈಗೇ ಬರ್ತಿತ್ತಲ್ಲ." ಮತ್ತೆ ತಿರುಚಿದ. "ಕೂರಿಸಿಬಿಟ್ಟಿದಾನೆ! ಎಲ್ಲಿ, ನೀನು ಆ ಕಡೆ ಹಿಡಿ ತಂಗೀ."

ಅವಳು ಮರದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅವನು ಕಬ್ಬಿಣದ ತುದಿಗೆ ಚಿಂದಿ ಸುತ್ತಿ ಹಿಡಿದ. ಇಬ್ಬರೂ ಕಾಲೂರಿ ಎಳೆದರು. ಜಪ್ಪಯ್ಯ ಅಂದರೂ ಅದು ಬರಲಿಲ್ಲ.