ಕಪಾಟಿನಲ್ಲೇ ಇದ್ದ ಪುಸ್ತಕ

ಆರು ವರ್ಷ ಕಲ್ಯಾಣಿ ಆ ಲೈಬ್ರರಿಯ ಮುಂದೆ ಹಾಯಲಿಲ್ಲ. ಅಮ್ಮನ ಆಪರೇಷನ್ನಿಗೆಂದು ಒಂಬತ್ತನೇ ಕ್ಲಾಸು ಬಿಟ್ಟ ವಾರ ಅಲ್ಲಿಂದ ತಂದ ದಪ್ಪ ಕಾದಂಬರಿ ಮನೆಯಲ್ಲೇ ಉಳಿದುಬಿಟ್ಟಿತ್ತು. ಇಟ್ಟಮಡುವಿನ ಟೈಲರ್ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಹಾಕಲು ಹೋಗುವಾಗಲೂ ಪಾರ್ಕು ಸುತ್ತಿಕೊಂಡೇ ಹೋಗುತ್ತಿದ್ದಳು. ಈಗ ಹತ್ತನೇ ಕ್ಲಾಸಿನ ಪರೀಕ್ಷೆಗೆ ಪ್ರೈವೇಟಾಗಿ ಕಟ್ಟಿದ್ದಾಳೆ. ಗೈಡುಗಳಿರುವುದು ಲೈಬ್ರರಿಯಲ್ಲಿ, ಮನೆಗೆ ಒಯ್ಯಲು ಕಾರ್ಡು ಬೇಕು. ಅದಕ್ಕೇ ಕಾದಂಬರಿಯನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಒಳಗೆ ಬಂದಳು.

ಮೇಜಿನ ಹಿಂದೆ ಲೈಬ್ರರಿಯನ್ ಸೇತುರಾಮ ಇದ್ದರು. ಫ್ಯಾನಿನ ಕೆಳಗಿನ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ, ಬೆಳಿಗ್ಗೆ ಹಿಡಿದ ಪೇಪರನ್ನು ಇನ್ನೂ ಯಾರಿಗೂ ಬಿಡದ ರಿಟೈರ್ಡ್ ಇಂಜಿನಿಯರ್ ತಿರುಮಲೇಶ್ ಇದ್ದರು.

"ಸಾರ್, ಪುಸ್ತಕ ವಾಪಸ್ ಕೊಡ್ಬೇಕಿತ್ತು. ಆರು ವರ್ಷ ಆಯ್ತು."

"ಆರು ವರ್ಷ ಓದಿದ್ಯೇನಮ್ಮ? ಬಾಯಿಪಾಠ ಬಂದಿರ್ಬೇಕು," ಎಂದರು ತಿರುಮಲೇಶ್, ಪೇಪರಿನ ಮೇಲಿಂದ.

ಸೇತುರಾಮರು ನಂಬರು ನೋಡಿ ದೊಡ್ಡ ರಿಜಿಸ್ಟರಿನಲ್ಲಿ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು.

"ಈ ಪುಸ್ತಕ ಇಲ್ಲೇ ಇದ್ಯಲ್ಲಮ್ಮ."

"ನನ್ ಕೈಲಿದೆ ಸಾರ್."

"ಕೈಲಿರ್ಬಹುದು. ಆದ್ರೆ ಇರೋದು ಕಪಾಟಲ್ಲಿ. ಐದು ಸಲ ಸ್ಟಾಕ್ ಚೆಕ್ ಆಗಿದೆ, ಐದು ಸಲಾನೂ ನಾನೇ ಕಣ್ಣಾರೆ ನೋಡಿ ಸೈನ್ ಹಾಕಿದೀನಿ. ಒಳಗಿರೋದನ್ನ ಮತ್ತೆ ಹೆಂಗೆ ಒಳಗೆ ತಗೊಳ್ಳೋದು?"

"ಹಂಗಾದ್ರೆ ನಂದೇನೂ ಬಾಕಿ ಇಲ್ವಾ?"

"ಇಲ್ಲ."

"ಕಾರ್ಡು ಕೊಡ್ತೀರಾ ಸಾರ್? ಗೈಡ್ ತಗೊಳ್ಬೇಕು."

"ನಿನ್ ಕಾರ್ಡು ರದ್ದಾಗಿದೆ."

"ಯಾಕೆ ಸಾರ್?"

"ಪುಸ್ತಕ ವಾಪಸ್ ಕೊಡ್ಲಿಲ್ವಲ್ಲ, ಅದಕ್ಕೆ."

ಇಷ್ಟು ಹೇಳಿ ಸೇತುರಾಮರು ಬಹಳ ಕೆಲಸವಿರುವವರಂತೆ ರಬ್ಬರ್ ಸ್ಟಾಂಪಿನ ಧೂಳು ಒರೆಸತೊಡಗಿದರು.

ಕಲ್ಯಾಣಿಗೆ ವಾದ ಮಾಡಿ ಅಭ್ಯಾಸವಿಲ್ಲ. ನೋಡಿ ಅಭ್ಯಾಸವಿದೆ. ಅಂಗಡಿಯಲ್ಲಿ ಒಂದು ಹುಕ್ಕು ಕಮ್ಮಿಯಿದ್ದರೂ ಮೊದಲು ಅವಳ ಕಣ್ಣಿಗೇ ಬೀಳುವುದು. ಕಪಾಟುಗಳ ಕಡೆ ಹೋಗಿ, ಬೆನ್ನಿನ ನಂಬರುಗಳನ್ನು ಒಂದೊಂದಾಗಿ ಓದುತ್ತ ಬಂದಳು. ತನ್ನ ಕಾದಂಬರಿಯ ನಂಬರು ಹೊತ್ತ ಪುಸ್ತಕ ನಿಜಕ್ಕೂ ಅಲ್ಲಿತ್ತು. ಹೆಸರು ಮಾತ್ರ 'ಜೇನು ಸಾಕಣೆ'. ಯಾರೋ ಪುಕ್ಕಟೆ ಕೊಟ್ಟುಹೋದ ತೆಳ್ಳನೆಯ ಪುಸ್ತಕಕ್ಕೆ, ಖಾಲಿ ಜಾಗ ತುಂಬಲೆಂದು, ಕಾಣೆಯಾದದ್ದರ ನಂಬರು ಅಂಟಿಸಿದ್ದರು. ಗೋಂದು ಅಂಚಿನಲ್ಲಿ ಒಣಗಿತ್ತು.

ಎರಡನ್ನೂ ತಂದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು.

ತಿರುಮಲೇಶ್ ಅವತ್ತು ಮೊದಲ ಸಲ ಪೇಪರ್ ಕೆಳಗಿಟ್ಟು ಎದ್ದು ಬಂದರು. ಬೆಳಿಗ್ಗೆಯಿಂದ ಪೇಪರಿಗೆ ಕಾದಿದ್ದ ಮೂವರಲ್ಲಿ ಒಬ್ಬ ಪೇಪರನ್ನೂ ಇನ್ನೊಬ್ಬ ಕುರ್ಚಿಯನ್ನೂ ಹಿಡಿದರು.

"ಏನ್ರೀ ಸೇತುರಾಮ್, ಎರಡಕ್ಕೂ ಒಂದೇ ನಂಬರು?"

"ಡೂಪ್ಲಿಕೇಟ್ ಕಾಪಿ ಸಾರ್."

"ಒಂದು ಕಾದಂಬರಿ, ಇನ್ನೊಂದು ಜೇನುಹುಳ. ಐದು ಸಲ ಕಣ್ಣಾರೆ ನೋಡಿದ್ರಲ್ಲ, ಒಂದ್ ಸಲಾನೂ ಕಚ್ಚಲಿಲ್ವೇ?"

ಸೇತುರಾಮರು ಕಲ್ಯಾಣಿಯ ಮುಖ ನೋಡಿದರು. ಅವಳು ನೆಲ ನೋಡುತ್ತಿದ್ದಳು, ಆದರೆ ಜಾಗ ಬಿಟ್ಟು ಕದಲಿರಲಿಲ್ಲ.

"ಫೋಟೋ ತಂದಿದ್ಯೇನಮ್ಮ?" ದನಿ ಈಗ ಮೆತ್ತಗಾಗಿತ್ತು.

ತಂದಿದ್ದಳು. ಹತ್ತು ನಿಮಿಷದಲ್ಲಿ ಹೊಸ ಕಾರ್ಡು, ಅದರ ಮೇಲೆ ಗಣಿತದ ಗೈಡು. ಕಾದಂಬರಿಯನ್ನು ಮಾತ್ರ ಸೇತುರಾಮರು ಎರಡು ಬೆರಳಲ್ಲಿ ಅವಳ ಕಡೆಗೇ ತಳ್ಳಿದರು.

"ಇದು ನಿನ್ ಹತ್ರಾನೇ ಇರ್ಲಿ. ಮುಂದಿನ ತಿಂಗಳು ಸ್ಟಾಕ್ ಚೆಕ್ ಇದೆ. ಒಂದು ಕಮ್ಮಿ ಆದ್ರೆ ಹೆಂಗೋ ಸರಿ ಮಾಡ್ಬಹುದು, ಜಾಸ್ತಿ ಆದ್ರೆ ನನ್ ಕೆಲಸಕ್ಕೇ ಕುತ್ತು ಬರತ್ತೆ. ಗೈಡ್ ಮಾತ್ರ ಹದಿನೈದು ದಿನಕ್ಕೆ ಸರಿಯಾಗಿ ತಂದ್ಬಿಡು. ಜನಕ್ಕೆ ಜವಾಬ್ದಾರಿ ಇರ್ಬೇಕು."

ಆರು ವರ್ಷ ಕಳ್ಳಿಯ ಹಾಗೆ ಬೀದಿ ತಪ್ಪಿಸಿ ನಡೆದವಳಿಗೆ ನಗು ಬಂತು. ನಗಲಿಲ್ಲ.

"ಸಾರ್," ಎಂದಳು, ಅವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, "ಗೈಡಿನ ನಂಬರು ರಿಜಿಸ್ಟರಲ್ಲಿ ಬರೀರಿ. ನಾನು ನೋಡ್ತೀನಿ."

ಅವರು ಬರೆದು ಮುಗಿಸುವವರೆಗೂ ಅವಳು ಅಲ್ಲಿಂದ ಹೊರಡಲಿಲ್ಲ.