ನಡುಹೊಲಿಗೆ

ಬೋಳಾದ ಕುರಿಗಳು ಒಂದರ ಮೈಗೆ ಒಂದು ಒತ್ತಿಕೊಂಡೇ ಸತ್ತಿದ್ದವು. ಬೆಳಗ್ಗೆ ಹಟ್ಟಿಯ ತಡಿಕೆ ಸರಿಸಿದ ಸಣ್ಣಬೀರಪ್ಪ ಏಳರವರೆಗೆ ಎಣಿಸಿ ನಿಲ್ಲಿಸಿದ. ಉಳಿದವನ್ನು ಹೆಂಡತಿ ಶಂಕರಮ್ಮ ಅಲ್ಲಾಡಿಸಿ ನೋಡಿದಳು. ಮೂರು ಎದ್ದವು.

"ಮಾಗೀಲಿ ಉಣ್ಣೆ ಕತ್ತರಿಸ್ಬ್ಯಾಡ ಅಂತ ಬಡ್ಕೊಂಡೆ."

"ಸರ್ಕಾರ ಕೇಳ್ತಲ್ಲೇ."

"ಸರ್ಕಾರಕ್ಕೆ ಚಳಿ ಬಂದಿತ್ತಾ?"

ಬಂದಿತ್ತಂತೆ. ಜರ್ಮನಿ ಯುದ್ಧ ಮೂರನೇ ವರ್ಷಕ್ಕೆ ಬಿದ್ದು, ವಿಲಾಯಿತಿಯ ಗಿರಣಿ ಕಂಬಳಿ ಹಡಗಿನಲ್ಲಿ ಬರುವುದು ನಿಂತಿತ್ತು. ಮಹಾರಾಜರ ಪಲ್ಟನ್ನಿನ ಕಂಬಳಿಯನ್ನು ಇನ್ನು ಮೇಲೆ ಸಂಸ್ಥಾನದ ಮಗ್ಗದವರಿಂದಲೇ ಕೊಳ್ಳತಕ್ಕದ್ದು ಎಂದು ಹೊಸ ಕಾನೂನು ಬಂತು. ಇವರ ಊರು ಹಿರೇನಲ್ಲೂರಿನಲ್ಲೂ ತಮಟೆ ಹೊಡೆಸಿ ಸಾರಿಸಿದರು. ಕುರುಬರ ಕೇರಿಯಲ್ಲಿ ಅಂದು ಹೋಳಿಗೆ ಬೇಯಲಿಲ್ಲ, ದುಡ್ಡು ಬಂದೀತೆಂಬ ಆಸೆಗೆ ವಾಸನೆ ಮಾತ್ರ ಬಂತು. ಸಂಕ್ರಾಂತಿಯೊಳಗೆ ಮಾಲು ಬೇಕೆಂದು ಕಡೂರಿನ ಕಂಟ್ರಾಕ್ಟರ್ ಕಲ್ಲೇಶಪ್ಪ ಅವಸರಪಡಿಸಿದ. ಬೇಸಿಗೆಗೆ ಕಾಯಬೇಕಾದ ಕತ್ತರಿ ಮಾಗಿಯಲ್ಲೇ ಆಡಿತು.

ಗುಂಡಿಮಗ್ಗದ ಅಗಲ ನೇಯುವವನ ಕೈ ಎಟುಕುವಷ್ಟೇ. ಅದಕ್ಕೇ ಗಂಡಸರು ಎರಡು ಪಟ್ಟೆ ನೇಯುತ್ತಾರೆ, ಹೆಂಗಸರು ನಡುವೆ ಕೂಡಿಸಿ ಹೊಲಿಯುತ್ತಾರೆ. ಒಂದೇ ಎಳೆಯ ಹೊಲಿಗೆ, ಕೊನೆಯಲ್ಲೊಂದು ಗಂಟು. ನಡು ಸವೆದರೆ ಗಂಟು ಬಿಚ್ಚಿ ಎಳೆಯುವುದು, ಪಟ್ಟೆ ತಿರುಗಿಸಿ ಮತ್ತೆ ಹೊಲಿಯುವುದು. ಗಂಟು ಎಲ್ಲಿ ಅಡಗಿದೆ ಎನ್ನುವುದು ಹೊಲಿದವಳಿಗಷ್ಟೇ ಗೊತ್ತು.

ಕುರಿ ಸತ್ತ ವಾರವೇ ಕಡೂರಿನಲ್ಲಿ ಕಂಬಳಿಗಳ ಪರೀಕ್ಷೆ. ಹೊರೆ ಹೊತ್ತು ಗಂಡನ ಜೊತೆ ಶಂಕರಮ್ಮನೂ ಹೋದಳು. ಬೆಂಗಳೂರಿನಿಂದ ಬಂದ ಸಾಹೇಬರು ಉಣ್ಣೆ ಮುಟ್ಟಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ, ನಡುಹೊಲಿಗೆಯ ಮೇಲೆ ಬೆತ್ತ ಇಟ್ಟರು.

"ಜೋಡು ಇದೆ. ನಾಟ್ ಅಲೋಡ್."

"ಕಂಬ್ಳಿ ಅಂದ್ಮೇಲೆ ಜೋಡು ಇರ್ತದಲ್ಲಾ ಬುದ್ಧೀ?" ಸಣ್ಣಬೀರಪ್ಪ ಕೈ ಮುಗಿದ.

"ನಮೂನೇಲಿ ಇಲ್ಲ."

"ನಮೂನೆ ಯಾವ ಊರಿಂದು ಬುದ್ಧೀ?"

"ಇಂಗ್ಲೆಂಡಿಂದು."

ಕಾನೂನು ಅಂಗಡಿ ಬದಲಿಸಿತ್ತು, ಅಳತೆಗೋಲು ಬದಲಿಸಿರಲಿಲ್ಲ. ಇಪ್ಪತ್ತು ಮನೆಯ ಕಂಬಳಿಯೂ ನಪಾಸು.

ಕಲ್ಲೇಶಪ್ಪ ಲೊಚಗುಟ್ಟಿದ. "ಹೊತ್ಕೊಂಡೋಗಿ ಏನ್ ಮಾಡ್ತೀರಪ್ಪಾ? ಇಲ್ಲೇ ಬಿಡಿ. ಮನೆಗೊಂದು ಮೂಟೆ ರಾಗಿ ಕೊಡ್ತೀನಿ. ಧರ್ಮಕ್ಕೆ ಕಣ್ರೋ."

ಹಸಿದವರು ಬಿಟ್ಟು ಬಂದರು. ಮೂಟೆಯಲ್ಲಿ ಅರ್ಧ ಹೊಟ್ಟಿತ್ತು.

ಹದಿನೈದು ದಿನಕ್ಕೆ ಶಂಕರಮ್ಮ ಸತ್ತ ಕುರಿಗಳ ಚರ್ಮ ಮಾರಲು ಕಡೂರಿಗೆ ಹೋದಳು. ರೈಲು ಸ್ಟೇಷನ್ನಿನ ಗೂಡ್ಸ್ ಕಟ್ಟೆಯ ಮೇಲೆ ಕಂಬಳಿ ಹೊರೆಗಳು. ಮೇಲಿನದರ ಅಂಚಿಗೆ ಕೈ ಹಾಕಿದಳು. ಅವಳ ಗಂಟು.

"ಇದ್ರ ಮ್ಯಾಲೆ ಏನೋ ಒತ್ತವ್ರಲ್ಲಣ್ಣಾ?"

ಕೂಲಿಮಠದಲ್ಲಿ ನಾಲ್ಕಕ್ಷರ ಕಲಿತ ಹಮಾಲಿ ತೀರ್ಥಪ್ಪ ಓದಿದ: "ಸ್ವದೇಶಿ ಮಾಲು. ಮೊದಲ್ನೇ ದರ್ಜೆ. ಬೆಂಗಳೂರು ಸಾಹೇಬ್ರ ಮೊಹರು ಕಣಮ್ಮ. ಕಲ್ಲೇಶಪ್ಪನೋರ ಹೆಸ್ರಲ್ಲಿ ನಾಳೆ ಗಾಡಿಗೆ ಹೋಗ್ತದೆ."

ಶಂಕರಮ್ಮ ಚರ್ಮ ಮಾರಲಿಲ್ಲ. ಅವನ್ನೇ ಹೊತ್ತು ಕೇರಿಗೆ ಬಂದು, ನಡುಬೀದಿಯಲ್ಲಿ ಒಂದೊಂದಾಗಿ ಹಾಸಿದಳು. ಸುತ್ತ ನೆರೆದ ಹೆಂಗಸರಿಗೆ ಗೂಡ್ಸ್ ಕಟ್ಟೆಯ ಮೊಹರಿನ ಸುದ್ದಿ ಹೇಳಿದಳು.

ಮರುದಿನ ಗಾಡಿಗೆ ಮುಂಚೆ ಇಪ್ಪತ್ತು ಮನೆಯ ಹೆಂಗಸರು ಗೂಡ್ಸ್ ಕಟ್ಟೆ ಹತ್ತಿದರು. ತಮ್ಮ ತಮ್ಮ ಗಂಟು ಹುಡುಕಿ ಎಳೆದರು. ಸರ್ರ್, ಸರ್ರ್. ಕಂಬಳಿಗಳು ಎರಡೆರಡು ಪಟ್ಟೆಯಾಗಿ ಬಿದ್ದವು.

ಕಲ್ಲೇಶಪ್ಪ ಪೊಲೀಸರ ಜೊತೆ ಓಡಿಬಂದ. "ಸರ್ಕಾರಿ ಮಾಲು ಕಣ್ರೇ, ಮುಂಡೇರಾ! ಜೈಲು ಸೇರ್ತೀರಿ!"

ಶಂಕರಮ್ಮ ಎದ್ದಳು. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು. ಥೇಟ್ ಸಾಹೇಬರ ದನಿ.

"ಜೋಡು ಇದೆ. ನಾಟ್ ಅಲೋಡ್."

ಹಮಾಲಿಗಳು ನಕ್ಕುಬಿಟ್ಟರು. ಲಾಠಿ ಅವಳ ಬೆರಳುಗಳ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಪಕ್ಕದವಳಿಗೂ ಕೇಳಿಸಿತು.

"ಈಗ ಜೋಡಿಲ್ಲ ಸ್ವಾಮಿ," ಅಂದಳು ತನ್ನ ದನಿಯಲ್ಲಿ. "ನಿಮ್ಮ ಕಾನೂನಿನಂಗೇ ಮಾಡ್ಕೊಟ್ಟೀವಿ. ತಗೊಂಡೋಗಿ."

ಕುಕ್ಕರಗಾಲಲ್ಲಿ ಕೂತು ಇನ್ನೊಂದು ಕಂಬಳಿ ಎಳೆದುಕೊಂಡಳು. ಗಂಟು ಸಿಕ್ಕಿತು. ಬೆರಳು ಮಡಚಲಾಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು.

ಸರ್ರ್.